ತಕ್ಕಡಿಯಲ್ಲಿ ಕೂತ ಕೂಸು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಟ್ರಂಕಿದೆ. ಮೊನ್ನೆ ಮಗಳು ತನ್ನ ಕೂಸಿಗೆ ಹಾಕಲು ಹಳೆಯ ಕುಲಾವಿ ಹುಡುಕುತ್ತೇನೆಂದು ಅದನ್ನು ಇಳಿಸಿದಾಗ, ಬಟ್ಟೆಗಳ ನಡುವೆ ಒಂದು ಮಡಿಕೆ ಬಿದ್ದ ರಟ್ಟಿನ ಕಾರ್ಡು ಸಿಕ್ಕಿತು. 1994ರಲ್ಲಿ ನಮ್ಮ ಬೀದಿಯ ಅಂಗನವಾಡಿಯಲ್ಲಿ ಕೊಟ್ಟದ್ದು. ಅದರ ಮೇಲೆ ಬಿಲ್ಲಿನಂತೆ ಬಾಗಿದ ಕೆಲವು ಗೆರೆಗಳು. ಆ ಗೆರೆಗಳ ನಡುವೆ ನೀಲಿ ಶಾಯಿಯಲ್ಲಿ ಇಟ್ಟ ಚುಕ್ಕೆಗಳು. ಒಂದು ವರ್ಷಕ್ಕೆ ಏಳೂವರೆ ಕಿಲೋದ ಮೇಲೆ ನೂರು ಗ್ರಾಂ, ಹದಿನೈದು ತಿಂಗಳಿಗೆ ಎಂಟು ಕಿಲೋ, ಒಂದೂವರೆ ವರ್ಷಕ್ಕೆ ಎಂಟು ಕಿಲೋ ನಾನೂರು ಗ್ರಾಂ.

"ಅಮ್ಮಾ, ಇದು ನಾನೇನಾ?" ಎಂದಳು ಮಗಳು.

ಹೌದು, ಅವಳೇ. ಆ ಮೂರು ಚುಕ್ಕೆಗಳ ದೆಸೆಯಿಂದ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇನೆ, ಅವಳನ್ನು ಎಷ್ಟು ಅಳಿಸಿದ್ದೇನೆ ಎಂಬುದು ಅವಳಿಗೆ ನೆನಪಿಲ್ಲ. ನನಗಿದೆ.

ಆಗ ಅವಳು ಕಡ್ಡಿಯಂತಿದ್ದಳು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ನಿನ್ನೆ ಇಷ್ಟಪಟ್ಟು ತಿಂದ ಇಡ್ಲಿಯನ್ನು ಇವತ್ತು ಉಗಿಯುತ್ತಿದ್ದಳು. ನಾನು ಒಂದೊಂದು ಊಟಕ್ಕೂ ಒಂದೂವರೆ ಗಂಟೆ ಅವಳ ಹಿಂದೆ ತಿರುಗುತ್ತಿದ್ದೆ. ಕಾಗೆ, ಗುಬ್ಬಿ, ಚಂದಮಾಮ ಎಲ್ಲ ಮುಗಿದ ಮೇಲೆ ಕಾಲಿನ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು, ಬಾಯಿ ತೆರೆದಾಗ ರಾಗಿಸರಿ ಹೊಯ್ಯುತ್ತಿದ್ದೆ. ಅವಳು ಎಲ್ಲವನ್ನೂ ವಾಂತಿ ಮಾಡುತ್ತಿದ್ದಳು. ನಾನೂ ಅಳುತ್ತಿದ್ದೆ. ಕೊನೆಕೊನೆಗೆ ಚಮಚ ತಟ್ಟೆಗೆ ತಾಗಿದ ಸದ್ದು ಕೇಳಿದರೇ ಮಗು ಮಂಚದ ಕೆಳಗೆ ಹೋಗಿ ಅಡಗಿಕೊಳ್ಳುತ್ತಿತ್ತು.

ಕಾರ್ಡನ್ನು ಕೈಯಲ್ಲಿ ಹಿಡಿದಾಗ ನನಗೊಂದು ಪ್ರಶ್ನೆ ಹುಟ್ಟಿತು. ಈ ಗೆರೆಗಳನ್ನು ಎಳೆದವರು ಯಾರು? ಯಾರ ಮಕ್ಕಳನ್ನು ಅಳೆದು ಎಳೆದರು? ಮಕ್ಕಳನ್ನು ತೂಗಿ ಚಿಂತೆಪಡುವ ಕಾಲ ಬಂದದ್ದಾದರೂ ಯಾವಾಗ? ಅಂದಿನಿಂದ ಈ ವಿಷಯ ಸಿಕ್ಕಿದಲ್ಲೆಲ್ಲ ಓದಿದೆ. ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ತಟ್ಟೆ ಹಿಡಿದು ಕೂಸಿನ ಹಿಂದೆ ಓಡುವ ತಾಯಂದಿರು ಇವತ್ತೂ ಎಲ್ಲ ಬೀದಿಯಲ್ಲೂ ಇದ್ದಾರಲ್ಲ.

ನಮ್ಮ ಅಜ್ಜಿಯ ಕಾಲದಲ್ಲಿ ಮಗುವನ್ನು ತೂಗುತ್ತಿರಲಿಲ್ಲ. ತೂಗಿದರೆ ದೃಷ್ಟಿಯಾಗುತ್ತದೆ ಎನ್ನುತ್ತಿದ್ದರು. ಹಾಗೆಂದು ಅಳತೆಯೇ ಇರಲಿಲ್ಲವೆಂದಲ್ಲ. ಸೊಂಟದ ಉಡಿದಾರವೇ ಅಜ್ಜಿಯ ಅಳತೆಗೋಲು. ಉಡಿದಾರ ಬಿಗಿಯಾಯಿತು, ಬಿಚ್ಚಿ ಕಟ್ಟಬೇಕು ಎಂದರೆ ಮಗು ಬೆಳೆದಿದೆ. ಕೈಯ ಬಳೆ ಮೊಣಕೈವರೆಗೆ ಜಾರಿದರೆ ಸೊರಗಿದೆ. ಮಗುವನ್ನು ಪಕ್ಕದ ಮನೆಯ ಮಗುವಿಗೆ ಹೋಲಿಸದೆ, ಹೋದ ತಿಂಗಳಿನ ಅದೇ ಮಗುವಿಗೆ ಹೋಲಿಸುವ ಅಳತೆ ಅದು. ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ.

ಸೊರಗುವ ಮಕ್ಕಳ ಚಿಂತೆ ನಮ್ಮಲ್ಲಿ ಬಲು ಹಳೆಯದು. ಮಕ್ಕಳ ವೈದ್ಯಕ್ಕೆ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ಫಕ್ಕ ಎಂಬ ರೋಗದ ವರ್ಣನೆಯಿದೆ. ಮಗು ಬಡವಾಗಿ, ನಡೆಯಬೇಕಾದ ವಯಸ್ಸಿನಲ್ಲಿ ನಡೆಯದೆ ಹೋಗುವ ಸ್ಥಿತಿ. ತಾಯಿ ಮತ್ತೆ ಬಸುರಿಯಾದಾಗ ಕೈಗೂಸು ಸೊರಗುವುದನ್ನೂ ಅದರ ಒಂದು ಬಗೆಯಾಗಿ ಹೇಳಿದೆ. ಮಾಧವನಿದಾನದಲ್ಲಿ ಇಂಥದೇ ಕಾಯಿಲೆಗೆ ಪಾರಿಗರ್ಭಿಕ ಎಂದು ಹೆಸರು.

ಎಷ್ಟೋ ಶತಮಾನಗಳ ಮೇಲೆ, ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಈಗಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕೆಲಸ ಮಾಡುತ್ತಿದ್ದಳು. ಜಮೈಕಾದಲ್ಲಿ ಹುಟ್ಟಿದವಳು. ಮೈ ಊದಿಕೊಂಡು, ಕೂದಲು ಕೆಂಚಾಗಿ, ಉಣ್ಣಲೊಲ್ಲದೆ ಸಾಯುತ್ತಿದ್ದ ಮಕ್ಕಳನ್ನು ಕಂಡು 1933ರಲ್ಲಿ ಅದರ ಬಗ್ಗೆ ಬರೆದಳು. ಅಲ್ಲಿಯ ಹೆಂಗಸರು ಆ ಕಾಯಿಲೆಯನ್ನು ಏನೆನ್ನುತ್ತಾರೆಂದು ಕೇಳಿ, 1935ರಲ್ಲಿ ಅದೇ ಹೆಸರಿನಿಂದ ಲೋಕಕ್ಕೆ ಪರಿಚಯಿಸಿದಳು: ಕ್ವಾಷಿಯೋರ್ಕರ್. ಮುಂದಿನ ಕೂಸು ಬಂದಾಗ ತಾಯಿಯ ಮಡಿಲಿನಿಂದ ಇಳಿದ ಮಗುವಿಗೆ ಬರುವ ಬೇನೆ ಎಂದು ಅದರ ಭಾವ. ನಮ್ಮ ಪಾರಿಗರ್ಭಿಕವೂ ಅವರ ಕ್ವಾಷಿಯೋರ್ಕರೂ ವೈದ್ಯರ ಕಣ್ಣಿನಲ್ಲಿ ಒಂದೇ ಅಲ್ಲದಿರಬಹುದು. ಆದರೆ ಎರಡು ಹೆಸರಿನ ಹಿಂದೆಯೂ ಇರುವುದು ಮಡಿಲು ಕಳೆದುಕೊಂಡ ಮಗುವೇ.

ಇನ್ನು ಗೆರೆಯ ಕಥೆ. ಫ್ರಾನ್ಸಿನಲ್ಲಿ ಮೊಂಬೆಯಾರ್ ಎಂಬ ಜಮೀನುದಾರ 1759ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು ಹದಿನೆಂಟು ವರ್ಷದವರೆಗೆ ಅಳೆದು ಬರೆದಿಟ್ಟ. ಅವನ ಗೆಳೆಯ ಬುಫಾನ್ ತನ್ನ ದೊಡ್ಡ ಗ್ರಂಥದಲ್ಲಿ ಆ ಲೆಕ್ಕವನ್ನು ಅಚ್ಚು ಹಾಕಿಸಿದ. ಒಂದು ಮಗುವಿನ ಬೆಳವಣಿಗೆಯ ಪೂರ್ತಿ ದಾಖಲೆಯೆಂದು ಇಂದಿಗೂ ಅದನ್ನೇ ಮೊದಲು ಹೆಸರಿಸುತ್ತಾರೆ. ಅಲ್ಲಿ ಚಿಂತೆಯಿರಲಿಲ್ಲ, ಇದ್ದದ್ದು ಬರೀ ಕುತೂಹಲ.

ಚಿಂತೆ ಬಂದದ್ದು ಹಾಲಿನ ಜೊತೆಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಕೆಟ್ಟ ಹಾಲು ಕುಡಿದು ಬೇಧಿಯಿಂದ ಸಾಯುವ ಕೂಸುಗಳು ಲೆಕ್ಕವಿಲ್ಲದಷ್ಟು. ಪಿಯರ್ ಬ್ಯುಡಾನ್ ಎಂಬ ಹೆರಿಗೆ ವೈದ್ಯ 1892ರಲ್ಲಿ, ತನ್ನಲ್ಲಿ ಹೆತ್ತ ತಾಯಂದಿರು ವಾರವಾರ ಕೂಸನ್ನು ತಂದು ತೂಗಿಸಬೇಕೆಂದು ಏರ್ಪಾಡು ಮಾಡಿದ. ಮೊಲೆಹಾಲಿಗೆ ಉತ್ತೇಜನ, ಅದು ಸಾಲದವರಿಗೆ ಕುದಿಸಿ ಶುದ್ಧಮಾಡಿದ ಹಾಲು. ತಕ್ಕಡಿ ಅಲ್ಲಿ ಮಕ್ಕಳ ಜೀವ ಉಳಿಸಿತು, ಅದನ್ನು ಮರೆಯಬಾರದು.

ಆದರೆ ಅದೇ ತಕ್ಕಡಿ ಬೇಗನೆ ಪೇಟೆಗೂ ಬಂತು. ಹಾಲಿನ ಪುಡಿ ಮಾರುವವರಿಗೆ ದಪ್ಪ ಕೂಸಿಗಿಂತ ಒಳ್ಳೆಯ ಜಾಹೀರಾತು ಬೇಕೆ? 1908ರಿಂದ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಗ್ಲ್ಯಾಕ್ಸೋ ಹಾಲಿನಪುಡಿ ಮುಂದೆ ನಮ್ಮ ದೇಶದ ಮನೆಗಳಿಗೂ ಬಂತು. ನಮ್ಮ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ಎಮ್ಮೆಯ ಹಾಲಿನಿಂದಲೂ ಮಕ್ಕಳ ಹಾಲಿನಪುಡಿ ಮಾಡಬಹುದೆಂದು ತೋರಿಸಿಕೊಟ್ಟರು. ಅಮುಲ್ ಅದನ್ನೇ ತಯಾರಿಸಿ ಮಾರಿತು. ಡಬ್ಬಿ ಯಾವುದಾದರೂ ಇರಲಿ, ಅದರ ಮೇಲಿನ ಉಂಡೆ ಕೆನ್ನೆಯ ಕೂಸು ನಮ್ಮ ಮಧ್ಯಮ ವರ್ಗದ ಮನೆಗಳ ಗೋಡೆಯ ಕ್ಯಾಲೆಂಡರಿಗೂ ಬಂದು ಕೂತಿತು. ನಮ್ಮ ಕೂಸು ಹಾಗೇಕಿಲ್ಲ ಎಂದು ನಾವು ಕೊರಗಿದೆವು. 1992ರ ಕಾಯಿದೆ ಬಂದ ಮೇಲೆ ಹಾಲಿನಪುಡಿ ಡಬ್ಬಿಯ ಮೇಲೆ ಕೂಸಿನ ಚಿತ್ರ ಹಾಕುವುದು ನಿಷಿದ್ಧವಾಯಿತು. ಆದರೆ ಕಣ್ಣಿಗೆ ಅಂಟಿದ ಚಿತ್ರವನ್ನು ಯಾವ ಕಾಯಿದೆ ಅಳಿಸೀತು?

ಈಗ ನನ್ನ ಕೈಯ ಕಾರ್ಡಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ. ಮೊದಲಿಗೆ ಇಡೀ ದೇಶದಲ್ಲಿ 33 ಕಡೆ ಮಾತ್ರ. ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಕರ್ನಾಟಕದ ಅಂಗನವಾಡಿಗಳು ಹುಟ್ಟಿದ್ದು ಅಲ್ಲಿ, ಕಾವೇರಿ ಕಪಿಲೆ ಕೂಡುವ ದಡದಲ್ಲಿ. ಅಂಗನವಾಡಿಗಳಲ್ಲಿ ಮಕ್ಕಳನ್ನು ತೂಗಿ ದರ್ಜೆ ಕಟ್ಟಲು ಬಳಸಿದ್ದು ಭಾರತೀಯ ಮಕ್ಕಳ ತಜ್ಞರ ಸಂಘ 1972ರಲ್ಲಿ ಮಾಡಿದ ವಿಂಗಡಣೆ. ನಿಗದಿ ತೂಕದ ನೂರಕ್ಕೆ 80ಕ್ಕಿಂತ ಮೇಲಿದ್ದರೆ ಸರಿ. ಅದಕ್ಕಿಂತ ಕೆಳಗೆ ಒಂದು, ಎರಡು, ಮೂರು, ನಾಲ್ಕನೆಯ ದರ್ಜೆಯ ಅಪೌಷ್ಟಿಕತೆ.

ಆ "ನಿಗದಿ ತೂಕ" ಯಾವ ಮಕ್ಕಳದು ಬಲ್ಲಿರಾ? ಹಾರ್ವರ್ಡ್ ವಿಶ್ವವಿದ್ಯಾಲಯದವರು 1930ರ ದಶಕದಿಂದ ಅಳೆಯುತ್ತ ಬಂದ ಅಮೆರಿಕದ ಬಾಸ್ಟನ್ ನಗರದ ಮಕ್ಕಳದು! 1977ರಲ್ಲಿ ಅಮೆರಿಕದವರೇ ತಯಾರಿಸಿದ ಇನ್ನೊಂದು ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಲೋಕಕ್ಕೆಲ್ಲ ಹಂಚಿತು. ಅದರಲ್ಲಿ ಕೂಸುಗಳ ಭಾಗ ಓಹಿಯೋ ರಾಜ್ಯದ ಒಂದೇ ಪ್ರದೇಶದ ಬಿಳಿಯರ ಮಕ್ಕಳದು. ಹೆಚ್ಚಿನವು ಬಾಟಲಿ ಹಾಲು ಕುಡಿದು ಬೆಳೆದವು. ಮೊಲೆಹಾಲು ಕುಡಿದ ಕೂಸು ಮೊದಲ ಕೆಲವು ತಿಂಗಳು ಚೆನ್ನಾಗಿ ತುಂಬಿಕೊಂಡು ಆಮೇಲೆ ನಿಧಾನಿಸುತ್ತದೆ. ಬಾಟಲಿ ಹಾಲಿನ ಕೂಸಿನ ದಾರಿ ಬೇರೆ. ಒಂದರ ದಾರಿಯಲ್ಲಿ ಇನ್ನೊಂದನ್ನು ನಡೆಸಿ ಹಿಂದೆ ಬಿದ್ದಿತೆಂದರೆ ಹೇಗೆ?

ಇದನ್ನು ಮನಗಂಡು ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಹೊಸದಾಗಿ ಅಳೆಯಿತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕ. ಸುಮಾರು 8,500 ಮಕ್ಕಳು. ಭಾರತದಿಂದ ಆರಿಸಿದ್ದು ದಕ್ಷಿಣ ದೆಹಲಿಯ ಮಕ್ಕಳನ್ನು. ತಾಯಂದಿರು ಮೊಲೆಯೂಡಿಸುವವರು, ಧೂಮಪಾನ ಮಾಡದವರು. ಅಚ್ಚರಿಯೆಂದರೆ, ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲದ ಮನೆಯ ಮಕ್ಕಳು ಯಾವ ದೇಶದಲ್ಲೇ ಆಗಲಿ ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ತೆರನಾಗಿ ಬೆಳೆದರು. 2006ರಲ್ಲಿ ಹೊಸ ಗೆರೆಗಳು ಬಂದವು. 2008ರಲ್ಲಿ ನಮ್ಮ ಅಂಗನವಾಡಿಗಳೂ ಅದನ್ನು ಒಪ್ಪಿದವು. ಈಗ ತಾಯಿ ಕಾರ್ಡಿನಲ್ಲಿ ಗಂಡುಮಗುವಿಗೆ ಒಂದು, ಹೆಣ್ಣುಮಗುವಿಗೆ ಒಂದು ಪಟ್ಟಿ.

ಹೊಸ ಪಟ್ಟಿಯ ಪ್ರಕಾರ ಒಂದು ವರ್ಷದ ಹೆಣ್ಣುಮಗುವಿನ ನಡುಮಟ್ಟದ ತೂಕ 8.9 ಕಿಲೋ, ಎರಡು ವರ್ಷಕ್ಕೆ 11.5 ಕಿಲೋ. ಒಂದೂವರೆ ವರ್ಷದ ಹೆಣ್ಣುಮಗು 8.1 ಕಿಲೋಕ್ಕಿಂತ ಇಳಿದರೆ ಮಾತ್ರ ತೂಕ ಕಡಿಮೆಯೆಂದು ಲೆಕ್ಕ. ನನ್ನ ಮಗಳ ಚುಕ್ಕೆ 8.4. ಆಗಿನ ಕಾರ್ಡಿನಲ್ಲಿ ಮೊದಲ ದರ್ಜೆಯ ಅಪೌಷ್ಟಿಕ ಮಗು, ಈಗಿನ ಕಾರ್ಡಿನಲ್ಲಿ ಹಸಿರಿನ ಅಂಚಿನಲ್ಲಿ ಇರುವ ಸಣ್ಣ ಮಗು. ಮಗು ಒಂದೇ, ತೂಕ ಒಂದೇ, ಬದಲಾದದ್ದು ಗೆರೆ. ನಾನೂ ಕುಳ್ಳಿ, ನನ್ನವರೂ ಎತ್ತರದವರಲ್ಲ, ಅವಳು ಸಣ್ಣವಳಾಗದೆ ಇನ್ನೇನಾದಾಳು?

ಹಾಗಾದರೆ ತಕ್ಕಡಿಯನ್ನು ಬಾವಿಗೆ ಹಾಕೋಣವೇ? ಬೇಡ. ಅದಕ್ಕೆ ಕಾರಣ ಇನ್ನೊಂದು ಮಗು.

ಆಗ ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದವಳ ಮಗನಿಗೂ ನನ್ನ ಮಗಳಷ್ಟೇ ವಯಸ್ಸು. ಕೊಟ್ಟಿದ್ದನ್ನು ತಿನ್ನುತ್ತಿದ್ದ, ಹಟವಿಲ್ಲ. "ನಿನ್ನ ಮಗ ಎಷ್ಟು ಚೆಂದ ತಿನ್ತಾನೆ!" ಎಂದು ನಾನು ಅವಳ ಮುಂದೆ ಎಷ್ಟೋ ಸಲ ಕರುಬಿದ್ದೇನೆ. ಅವನು ನನ್ನ ಮಗಳಿಗಿಂತ ಅರ್ಧ ಕಿಲೋ ಹೆಚ್ಚೇ ತೂಗುತ್ತಿದ್ದ. ಆದರೆ ಒಂದು ದಿನ ಅಂಗನವಾಡಿಯ ಕಾರ್ಯಕರ್ತೆ ಇಬ್ಬರ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನನ್ನ ಮಗಳ ಚುಕ್ಕೆಗಳು ಕೆಳಗಿದ್ದರೂ ಗೆರೆಯ ಜೊತೆಜೊತೆಗೆ ಏರುತ್ತಿದ್ದವು. ಅವನವು ವರ್ಷ ತುಂಬಿದಾಗ ಒಂಬತ್ತು, ಹದಿನೈದು ತಿಂಗಳಿಗೂ ಒಂಬತ್ತು, ಹದಿನೆಂಟಕ್ಕೆ ಒಂಬತ್ತಕ್ಕೂ ನೂರು ಗ್ರಾಂ ಕಡಿಮೆ. "ಅಕ್ಕಾ, ನಿಮ್ಮ ಮಗೂಗೆ ಏನೂ ಆಗಿಲ್ಲ. ಇವನನ್ನ ಇವತ್ತೇ ಆಸ್ಪತ್ರೆಗೆ ಕಳಿಸಬೇಕು" ಎಂದರು. ಅವನಿಗೆ ಕ್ಷಯದ ಸೋಂಕು ತಗುಲಿತ್ತು. ಮನೆಯಲ್ಲಿ ಕೆಮ್ಮುತ್ತ ಮಲಗಿದ್ದ ತಾತನಿಂದ ಬಂದದ್ದು. ಆರು ತಿಂಗಳು ಔಷಧ ಕೊಟ್ಟು ಇಬ್ಬರನ್ನೂ ಉಳಿಸಿಕೊಂಡರು. ಚಿಂತೆ ಬೇಕಾಗಿದ್ದ ಮಗುವಿನ ಬಗ್ಗೆ ಯಾರೂ ಚಿಂತಿಸಿರಲಿಲ್ಲ. ಬೇಡದ ಮಗುವಿನ ಬಾಯಿಗೆ ನಾನು ಚಮಚ ತುರುಕುತ್ತಿದ್ದೆ.

ಆ ಕಾರ್ಯಕರ್ತೆ ನೋಡಿದ ರೀತಿಗೂ ಒಂದು ಚರಿತ್ರೆಯಿದೆ. ಡೇವಿಡ್ ಮಾರ್ಲಿ ಎಂಬ ಇಂಗ್ಲಿಷ್ ವೈದ್ಯ 1950ರ ದಶಕದಲ್ಲಿ ನೈಜೀರಿಯಾದ ಹಳ್ಳಿಯೊಂದರಲ್ಲಿ ಮಕ್ಕಳ ತೂಕದ ಕಾರ್ಡು ರೂಪಿಸಿದ. ಆಸ್ಪತ್ರೆಯ ಬೀರುವಿನಲ್ಲಿ ಇಡದೆ ತಾಯಿಯ ಕೈಗೇ ಕೊಟ್ಟ. ಓದು ಬಾರದ ಹೆಂಗಸರು ಕಳೆದುಹಾಕುತ್ತಾರೆಂದು ಬೇರೆಯವರು ಅಂದುಕೊಂಡಿದ್ದರು. ತಾಯಂದಿರು ಆಸ್ಪತ್ರೆಯವರಿಗಿಂತ ಚೆನ್ನಾಗಿ ಕಾಪಾಡಿಟ್ಟರು. ಚುಕ್ಕೆ ಎಲ್ಲಿದೆ ಎನ್ನುವುದಕ್ಕಿಂತ ಗೆರೆ ಯಾವ ಕಡೆಗೆ ಹೊರಟಿದೆ ಎಂಬುದೇ ಮುಖ್ಯ, ಇದು ಅವನು ಕಲಿಸಿದ ಪಾಠ. ಅಜ್ಜಿಯ ಉಡಿದಾರದ ಪಾಠವೂ ಅದೇ ಅಲ್ಲವೇ?

ಇನ್ನು ಹಟದ ವಿಚಾರ. ಮಗು ಮೊದಲ ವರ್ಷದಲ್ಲಿ ಹುಟ್ಟಿದಾಗಿನ ತೂಕದ ಮೂರು ಪಟ್ಟು ಬೆಳೆಯುತ್ತದೆ. ಎರಡನೆಯ ವರ್ಷದಲ್ಲಿ ಸೇರುವುದು ಎರಡೂವರೆ ಕಿಲೋ ಆಸುಪಾಸು ಮಾತ್ರ. ಬೆಳವಣಿಗೆ ನಿಧಾನಿಸಿದಾಗ ಹಸಿವೂ ತಗ್ಗುತ್ತದೆ. ಅದೇ ಹೊತ್ತಿಗೆ ಮಗು ನಡೆಯಲು ಕಲಿತು "ಬೇಡ" ಎನ್ನಲೂ ಕಲಿಯುತ್ತದೆ. ನಮಗೆ ಅದು ಹಟವಾಗಿ ಕಾಣುತ್ತದೆ.

1920ರ ದಶಕದ ಅಮೆರಿಕದಲ್ಲೂ ಇದೇ ಗೋಳು. ವೈದ್ಯರು ಗಂಟೆಗಿಷ್ಟು, ತುತ್ತಿಗಿಷ್ಟು ಎಂದು ಚೀಟಿ ಬರೆದುಕೊಡುತ್ತಿದ್ದರು, ಮಕ್ಕಳು ಉಣ್ಣುತ್ತಿರಲಿಲ್ಲ. ಆಗ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ 1926ರಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದಳು. ಮೊದಲು ಕ್ಲೀವ್‌ಲ್ಯಾಂಡ್, ಆಮೇಲೆ ಷಿಕಾಗೊ. ಆಗತಾನೇ ಮೊಲೆ ಬಿಟ್ಟ ಹದಿನೈದು ಕೂಸುಗಳು. ಒಟ್ಟು 34 ಬಗೆಯ ಆಹಾರ: ಹಾಲು, ಹುಳಿಹಾಲು, ಧಾನ್ಯ, ಹಣ್ಣು, ತರಕಾರಿ, ಮೊಟ್ಟೆ, ಮಾಂಸ. ಅವುಗಳಲ್ಲಿ ಕೆಲವನ್ನು ಪ್ರತಿ ಊಟಕ್ಕೂ ಬೇರೆಬೇರೆ ಬಟ್ಟಲಲ್ಲಿ ಮುಂದೆ ಇಡುವುದು. ದಾದಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಬಟ್ಟಲನ್ನು ತೋರಿಸಿದರೆ ಮಾತ್ರ ತುತ್ತು, ಬಾಯಿ ತೆರೆದರೆ ಮಾತ್ರ ಒಳಗೆ. ಹೊಗಳಿಕೆಯಿಲ್ಲ, ಗದರಿಕೆಯಿಲ್ಲ.

ಬಂದಾಗ ನಾಲ್ಕು ಮಕ್ಕಳು ಬಡಕಲು, ಐದು ಮಕ್ಕಳಿಗೆ ಮೂಳೆ ಮೆತ್ತಗಾಗುವ ರೋಗ. ಅವರು ತಿಂದ ಊಟ ನೋಡಿದರೆ ಯಾವ ತಾಯಿಯೂ ಬೆಚ್ಚಬೇಕು. ಒಂದು ಹೊತ್ತು ಬರೀ ಮೊಟ್ಟೆ ಬಾಳೆಹಣ್ಣು, ಇನ್ನೊಂದು ಹೊತ್ತು ಬೇರೇನೋ. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದರು. ಆದರೆ 1939ರಲ್ಲಿ ಡೇವಿಸ್ ತಾನೇ ಗುಟ್ಟನ್ನು ಬಿಟ್ಟುಕೊಟ್ಟಳು. ಮಕ್ಕಳ ಮುಂದಿಟ್ಟ ಪಟ್ಟಿಯಲ್ಲಿ ಸಕ್ಕರೆ, ಮಿಠಾಯಿ, ಮೈದಾ ಯಾವುದೂ ಇರಲಿಲ್ಲ. ಏನಿಡಬೇಕೆಂದು ಆರಿಸಿದ್ದು ದೊಡ್ಡವರು, ಎಷ್ಟು ತಿನ್ನಬೇಕೆಂದು ಆರಿಸಿದ್ದು ಮಕ್ಕಳು. 1980ರ ದಶಕದಲ್ಲಿ ಎಲಿನ್ ಸ್ಯಾಟರ್ ಎಂಬಾಕೆ ಇಂಥದೇ ನಿಯಮವನ್ನು ಮುಂದಿಟ್ಟಳು. ಏನು, ಯಾವಾಗ, ಎಲ್ಲಿ ಎಂಬುದು ತಾಯ್ತಂದೆಯರ ಹೊಣೆ. ತಿನ್ನುವುದೋ ಬಿಡುವುದೋ, ಎಷ್ಟು ಎಂಬುದು ಮಗುವಿನದು. 1991ರಲ್ಲಿ ಲಿಯಾನ್ ಬರ್ಚ್ ಮತ್ತು ಜೊತೆಗಾರರು ಎರಡರಿಂದ ಐದು ವರ್ಷದ ಮಕ್ಕಳ ಊಟ ತೂಗಿ ನೋಡಿದರು. ಊಟದಿಂದ ಊಟಕ್ಕೆ ನೂರಕ್ಕೆ ಮೂವತ್ತಕ್ಕೂ ಹೆಚ್ಚಿನ ಏರುಪೇರು. ದಿನದ ಒಟ್ಟು ಲೆಕ್ಕದಲ್ಲಿ ಏರುಪೇರು ನೂರಕ್ಕೆ ಹತ್ತರಷ್ಟೇ. ಬೆಳಿಗ್ಗೆ ಬಿಟ್ಟದ್ದನ್ನು ಮಗು ಸಂಜೆಗೆ ತುಂಬಿಕೊಳ್ಳುತ್ತದೆ.

ನಾನು ಮಾಡಿದ ಇನ್ನೊಂದು ತಪ್ಪು ಹಾಲಿನದು. ಊಟ ಬಿಟ್ಟಳೆಂದು ದಿನಕ್ಕೆ ಒಂದು ಲೀಟರ್ ಹಾಲು ಕುಡಿಸುತ್ತಿದ್ದೆ. ಹಾಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಕಬ್ಬಿಣದಂಶ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಕಡಿಮೆಯಾದ ಮಗುವಿಗೆ ಹಸಿವೂ ಕಡಿಮೆ. ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರ್ ಮೀರಬಾರದು.

ಇನ್ನು ರಾಗಿಸರಿ. ಮಗುವಿನ ಹೊಟ್ಟೆ ಚಿಕ್ಕದು. ಹಿಟ್ಟು ನೀರು ಹೀರಿ ಉಬ್ಬಿದರೆ ಎರಡು ಚಮಚಕ್ಕೇ ತುಂಬಿಹೋಗುತ್ತದೆ. ನೀರು ಮಾಡಿದರೆ ಶಕ್ತಿಯಿಲ್ಲ. ಮೊಳಕೆ ಬರಿಸಿ ಒಣಗಿಸಿ ಹುರಿದು ಬೀಸಿದ ರಾಗಿಯಲ್ಲಿ ಪಿಷ್ಟವನ್ನು ಒಡೆಯುವ ಅಂಶ ಹುಟ್ಟಿರುತ್ತದೆ. ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಈ ವಿದ್ಯೆಯನ್ನು ಮೈಸೂರಿನ ಸಂಶೋಧನಾಲಯದಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಸಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರುಕಾಳಿನ ಮಕ್ಕಳ ಆಹಾರವಾಗಿ ರೂಪಿಸಿದರು. ಅದಕ್ಕೊಂದು ಚಮಚ ತುಪ್ಪ ಬಿದ್ದರೆ ಪೇಟೆಯ ಡಬ್ಬಿಗೆ ಏನೂ ಕಡಿಮೆಯಿಲ್ಲ.

ಹಾಗೆಂದು ಎಲ್ಲವನ್ನೂ ಹಟವೆಂದು ಬಿಡುವಂತಿಲ್ಲ. ಎರಡು ಮೂರು ತಿಂಗಳು ತೂಕ ಏರದಿದ್ದರೆ, ಇಳಿದರೆ, ಪದೇಪದೇ ಜ್ವರ, ಕೆಮ್ಮು, ಬೇಧಿ, ವಾಂತಿ ಬಂದರೆ, ನುಂಗಲು ಕಷ್ಟಪಟ್ಟರೆ, ಕಣ್ಣಿನ ಒಳರೆಪ್ಪೆ ಬಿಳಿಚಿದರೆ, ಆಟ ಮಾತು ಹಿಂದೆ ಬಿದ್ದರೆ ತಡಮಾಡದೆ ವೈದ್ಯರಲ್ಲಿ ಹೋಗಬೇಕು.

ನನ್ನ ಮಗಳು ಸರಿಹೋದದ್ದು ನನ್ನಿಂದಲ್ಲ. ಆ ಕಾರ್ಯಕರ್ತೆಯ ಮಾತು ಕೇಳಿದ ಮೇಲೆ ಒಂದು ಮಧ್ಯಾಹ್ನ ಸೋತು ಕೈಚೆಲ್ಲಿ, ಅವಳ ಪಾಡಿಗೆ ಅವಳನ್ನು ಬಿಟ್ಟು ನನ್ನ ತಟ್ಟೆ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನಿಂದ ತೆವಳಿಕೊಂಡು ಬಂದು, ನನ್ನ ತಟ್ಟೆಯ ಸಾರನ್ನಕ್ಕೆ ಕೈ ಹಾಕಿದಳು. ಅರ್ಧ ನೆಲಕ್ಕೆ, ಅರ್ಧ ಬಾಯಿಗೆ. ನಾನು ಏನೂ ಅನ್ನಲಿಲ್ಲ. ಅನ್ನಲು ಹೆದರಿಕೆ.

ಇಷ್ಟೆಲ್ಲ ಕೇಳಿಸಿಕೊಂಡು ಮಗಳು ಕಾರ್ಡನ್ನು ಮಡಚಿ ಟ್ರಂಕಿನಲ್ಲಿಟ್ಟಳು. ಅಷ್ಟರಲ್ಲಿ ಒಳಗೆ ಮೊಮ್ಮಗಳು ಬಟ್ಟಲು ಬೋರಲು ಹಾಕಿದ ಸದ್ದಾಯಿತು. ಮಗಳು ಚಮಚ ಹಿಡಿದು ಎದ್ದಳು. ನನ್ನ ಮುಖ ನೋಡಿ ನಕ್ಕು, ಚಮಚ ಕೆಳಗಿಟ್ಟಳು. ಸಂಜೆ ಮೊಮ್ಮಗಳಿಗೆ ಸ್ನಾನ ಮಾಡಿಸುವಾಗ ನೋಡಿದೆ. ಉಡಿದಾರ ಬಿಗಿಯಾಗಿತ್ತು.